ಹೊಸ ಮನೆಗೆ ಬಂದ ಮೇಲೆ ಮಗನ ಕೆಮ್ಮು ಬಿಡ್ತಾ ಇಲ್ಲ, ಮನೆಯೊಳಗಿನ ಗಾಳಿಯೇ ಸರಿ ಇಲ್ವಾ?

ಬದಿಯಡ್ಕದಮ್ಮ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಾವನವರ ಕಾಲದ ಹಂಚಿನ ಮನೆ ಇತ್ತು. ಎರಡು ವರ್ಷದ ಹಿಂದೆ ಅದನ್ನು ಕೆಡವಿ ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿದೆವು. ಕೆಂಪು ಕಲ್ಲಿನ ಗೋಡೆ, ಅದರ ಮೇಲೆ ಸಿಮೆಂಟು, ಪುಟ್ಟಿ, ಪೇಂಟು. ಕಿಟಕಿ ಎಲ್ಲ ಅಲ್ಯುಮಿನಿಯಂ ಸ್ಲೈಡಿಂಗ್. ಮಲಗುವ ಕೋಣೆಗಳಿಗೆ ಜಿಪ್ಸಂ ಸೀಲಿಂಗ್, ಗೋಡೆಗೆ ತಾಗಿಸಿ ಮಾಡಿದ ಪ್ಲೈವುಡ್ ಕಪಾಟು. ಸಾಲ ಮಾಡಿ ಕಟ್ಟಿದ ಮನೆ, ಚೆನ್ನಾಗಿಯೇ ಇದೆ ನೋಡೋದಕ್ಕೆ.

ಕಳೆದ ವರ್ಷ ಮಳೆಗಾಲದಲ್ಲಿ ಶುರುವಾಯಿತು. ಮಗನಿಗೆ ಏಳು ವರ್ಷ. ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು, ಬೆಳಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ಕಣ್ಣು ತುರಿಕೆ. ಬೇಸಿಗೆಯಲ್ಲಿ ಕಡಿಮೆಯಾಯಿತು, ಹೋಯಿತು ಅಂದುಕೊಂಡೆವು. ಈ ಜೂನ್‌ನಲ್ಲಿ ಮತ್ತೆ ಬಂತು, ಈ ಸಲ ಉಬ್ಬಸವೂ ಇದೆ. ಡಾಕ್ಟರ್ ಅಲರ್ಜಿ ಅಂತ ಇನ್‌ಹೇಲರ್ ಕೊಟ್ಟಿದ್ದಾರೆ, ಮನೆಯಲ್ಲಿ ಬೂಸ್ಟು, ಧೂಳು ಇದೆಯಾ ನೋಡಿ ಅಂದರು. ಆದರೆ ನನಗೆ ಸಂಶಯ ಬಂದದ್ದು ಯಾಕೆ ಅಂದರೆ, ಮುಳ್ಳೇರಿಯದ ನನ್ನ ತವರಿಗೆ ಹೋದರೆ ಮೂರನೇ ದಿನಕ್ಕೆ ಅವನ ಕೆಮ್ಮು ನಿಲ್ಲುತ್ತದೆ, ಅಲ್ಲಿ ಇನ್ನೂ ಹಳೇ ಹಂಚಿನ ಮನೆ, ಬಚ್ಚಲಿನಲ್ಲಿ ಒಲೆ ಕೂಡ ಉರಿಯುತ್ತದೆ, ಆದರೂ ಹುಡುಗ ಆರಾಮಾಗಿ ನಿದ್ದೆ ಮಾಡುತ್ತಾನೆ. ವಾಪಸು ಬಂದು ಎರಡು ರಾತ್ರಿ ಆಗಲಿಕ್ಕಿಲ್ಲ, ಮತ್ತೆ ಕೆಮ್ಮು.

ನಮ್ಮ ಅತ್ತೆ ಹೇಳುವುದು, ಹಳೇ ಮನೆಯಲ್ಲಿ ಇಡೀ ದಿನ ಹೊಗೆ ಇರುತ್ತಿತ್ತು, ಯಾರಿಗೂ ಹೀಗೆ ಆಗಲಿಲ್ಲ, ಈಗಿನ ಮಕ್ಕಳಿಗೆ ಶಕ್ತಿ ಇಲ್ಲ ಅಂತ.

ಕಪಾಟು ತೆಗೆದರೆ ಒಂಥರಾ ಹಳಸಿದ ವಾಸನೆ. ಚರ್ಮದ ಬೆಲ್ಟು, ಚಪ್ಪಲಿ ಮೇಲೆ ಬಿಳಿ ಪುಡಿ ಹಾಗೆ ಬರುತ್ತದೆ. ರಾತ್ರಿ ಸೊಳ್ಳೆಗೆ ಕಾಯಿಲ್ ಹಚ್ಚುತ್ತೇವೆ, ಮಳೆ ಇರಿಚಲು ಹೊಡೆಯುತ್ತದೆ ಅಂತ ಕಿಟಕಿ ಹಾಕಿಯೇ ಮಲಗುವುದು. ಇನ್ನೊಂದು, ಇದು ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ಮಳೆಗಾಲದಲ್ಲಿ ಸ್ನಾನ ಸ್ವಲ್ಪ ಹೊತ್ತು ಮಾಡಿದರೆ ನನಗೆ ತಲೆ ಭಾರ ಆಗುತ್ತದೆ. ಮೊನ್ನೆ ತಲೆ ತಿರುಗಿ ಬಚ್ಚಲಿನಲ್ಲೇ ಕುಳಿತುಬಿಟ್ಟೆ. ಹೊರಗೆ ಬಂದ ಮೇಲೆ ಸರಿಯಾಯಿತು. ನಮ್ಮದು ಗ್ಯಾಸ್ ಗೀಸರ್. ರಕ್ತ ಕಡಿಮೆ ಇರಬಹುದು ಅಂದುಕೊಂಡಿದ್ದೇನೆ.

ಅಂಗಡಿಯವರೊಬ್ಬರು ಹದಿನೆಂಟು ಸಾವಿರದ ಏರ್ ಪ್ಯೂರಿಫೈಯರ್ ತೆಗೆದುಕೊಳ್ಳಿ ಅಂತ ಹೇಳುತ್ತಿದ್ದಾರೆ. ತೆಗೆದುಕೊಳ್ಳಲೇ? ಮನೆಯ ಗಾಳಿಯದ್ದೇ ತೊಂದರೆ ಅಂತ ಗಟ್ಟಿ ಮಾಡಿಕೊಳ್ಳುವುದು ಹೇಗೆ? ಮೊದಲು ಏನು ಮಾಡಬೇಕು?


ಮಂಜೇಶ್ವರ ಸಿಸ್ಟರ್:

ಅಕ್ಕಾ, ಬೇರೆ ಎಲ್ಲ ಆಮೇಲೆ. ಮೊದಲು ಆ ಗ್ಯಾಸ್ ಗೀಸರ್ ಆರಿಸಿ. ಇವತ್ತೇ. ಮನೆಯಲ್ಲಿ ಯಾರೂ ಅದರಲ್ಲಿ ಸ್ನಾನ ಮಾಡಬೇಡಿ, ಮಗನಂತೂ ಬೇಡವೇ ಬೇಡ.

ನಾನು ಆಸ್ಪತ್ರೆಯಲ್ಲಿ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸ್ನಾನ ಮಾಡುವಾಗ ತಲೆ ಭಾರ, ತಲೆ ತಿರುಗುವುದು, ಹೊರಗೆ ಬಂದರೆ ಸರಿಯಾಗುವುದು, ಇದನ್ನು ರಕ್ತ ಕಡಿಮೆ ಅಂತ ಬಿಡಬೇಡಿ. ಇದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ಮುಚ್ಚಿದ ಬಚ್ಚಲಿನಲ್ಲಿ ಗೀಸರ್ ಉರಿಯುವಾಗ ಅಲ್ಲಿನ ಆಮ್ಲಜನಕ ಖಾಲಿಯಾಗುತ್ತಾ ಬರುತ್ತದೆ, ಆಗ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಈ ವಿಷದ ಗಾಳಿ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸಿಗೆ ಬರುವ ವಾಸನೆ ಬೇರೆ, ಅದು ಸೋರಿಕೆ ಗೊತ್ತಾಗಲಿ ಅಂತ ಬೆರೆಸಿದ್ದು. ಉರಿದ ಮೇಲೆ ಬರುವ ಈ ಗಾಳಿಗೆ ಅದೂ ಇರುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂದರೆ ಉಸಿರಾಡುತ್ತಾ ಇದ್ದರೂ ದೇಹಕ್ಕೆ ಉಸಿರು ತಲುಪುವುದಿಲ್ಲ. ಕುಳಿತುಕೊಂಡವರು ಏಳುವುದಕ್ಕೇ ಆಗದೆ, ಬಾಗಿಲಿಗೆ ಚಿಲಕ ಹಾಕಿದ್ದರಿಂದ ಹೊರಗಿನವರಿಗೂ ಗೊತ್ತಾಗದೆ ಹೋದದ್ದನ್ನು ನಾನು ನೋಡಿದ್ದೇನೆ.

ಗೀಸರ್ ಎಲ್ಲಿ ಇಟ್ಟಿದ್ದೀರಿ? ಒಳಗಾ ಹೊರಗಾ? ಉರಿ ನೀಲಿ ಇದೆಯಾ, ಹಳದಿಯಾ? ಮೇಲೆ ಮಸಿ ಹಿಡಿದಿದೆಯಾ?

ಇನ್ನೊಂದು ಮಾತು ಎಲ್ಲರಿಗೂ. ಯಾರಾದರೂ ಹೀಗೆ ಬಿದ್ದರೆ ಬಾಗಿಲು ತೆಗೆದು ಮೊದಲು ಅವರನ್ನು ಹೊರಗಿನ ಗಾಳಿಗೆ ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಹಾಕಿದ ಬಚ್ಚಲು" ಅಂತ ಬಾಯಿಬಿಟ್ಟು ಹೇಳಿ. ಯಾಕಂದರೆ ಬೆರಳಿಗೆ ಸಿಕ್ಕಿಸಿ ನೋಡುವ ಮಾಮೂಲಿ ಮೀಟರ್‌ಗೆ ಆಮ್ಲಜನಕ ಅಂಟಿದ ರಕ್ತಕ್ಕೂ ಈ ವಿಷ ಅಂಟಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದರಲ್ಲಿ 98 ಅಂತ ತೋರಿಸಿದರೂ ಆ ವ್ಯಕ್ತಿಗೆ ಅಪಾಯ ಇರಬಹುದು. ಬೇರೆ ರಕ್ತ ಪರೀಕ್ಷೆ ಬೇಕು.


ಬದಿಯಡ್ಕದಮ್ಮ:

ಓದಿ ಕೈ ನಡುಗಿತು ಸಿಸ್ಟರ್. ಗೀಸರ್ ಬಚ್ಚಲಿನ ಒಳಗೇ ಇದೆ, ಬಾಗಿಲ ಮೇಲೆ. ಒಂದು ಸಣ್ಣ ಗಾಜಿನ ಕಿಟಕಿ ಇದೆ, ಮಳೆ ನೀರು ಒಳಗೆ ಬರುತ್ತದೆ ಅಂತ ಜೂನ್‌ನಲ್ಲಿ ನಾವೇ ಪ್ಲಾಸ್ಟಿಕ್ ಹೊಡೆದು ಮುಚ್ಚಿದ್ದೆವು. ಉರಿ ಒಂದೊಂದು ಸಲ ಹಳದಿ ಆಗುತ್ತದೆ, ಹೌದು. ಈಗಲೇ ಸಿಲಿಂಡರ್ ತೆಗೆಸಿದೆ. ಹಿಂದಿನ ಕೊಟ್ಟಿಗೆ ಪಕ್ಕ ಹಳೇ ನೀರೊಲೆ ಇದೆ, ಹಂಡೆಯಲ್ಲಿ ನೀರು ಕಾಯಿಸಿ ಹೊತ್ತುಕೊಂಡು ಬರುತ್ತೇವೆ ಸದ್ಯಕ್ಕೆ. ನಾಳೆ ಡಾಕ್ಟರ್ ಹತ್ತಿರ ನಾನೂ ತೋರಿಸುತ್ತೇನೆ.


ಮಂಜೇಶ್ವರ ಸಿಸ್ಟರ್:

ಸದ್ಯ ಬದುಕಿಕೊಂಡಿರಿ ಅಕ್ಕ. ಮತ್ತೆ ಹಾಕಿಸುವುದಾದರೆ ಬಚ್ಚಲಿನ ಹೊರಗಿನ ಗೋಡೆಗೆ ಹಾಕಿಸಿ, ಬಿಸಿ ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಥವಾ ಕರೆಂಟಿನದ್ದು, ಸೋಲಾರ್ ಯಾವುದಾದರೂ ಆಗಬಹುದು.


ಕುಂಬಳೆ ಕಟ್ಟಡದವ:

ಸಿಸ್ಟರ್ ಸರಿಯಾದ ಹೊತ್ತಿಗೆ ಹೇಳಿದರು. ಈಗ ಮಗನ ವಿಷಯ. ನಾನು 18 ವರ್ಷದಿಂದ ಇದೇ ಊರುಗಳಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಕುಂಬಳೆ, ನೀರ್ಚಾಲು, ಪೆರ್ಲ ಕಡೆ. ಅಕ್ಕ, ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಮನೆ ಬಿಟ್ಟರೆ ಕಡಿಮೆ, ಮನೆಗೆ ಬಂದರೆ ಜಾಸ್ತಿ. ಮಳೆಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ರಾತ್ರಿ ಮಲಗುವ ಕೋಣೆಯಲ್ಲಿ ಜಾಸ್ತಿ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಒಂದು ಹಳೇ ಪುಸ್ತಕದಲ್ಲಿ ಹದಿನೈದು ದಿನ ಬರೆದಿಡಿ, ಯಾವ ರಾತ್ರಿ ಕೆಮ್ಮು ಬಂತು, ಯಾವ ಕೋಣೆಯಲ್ಲಿ ಮಲಗಿದ್ದ, ಕಾಯಿಲ್ ಹಚ್ಚಿದ್ದಿರಾ, ಮಳೆ ಇತ್ತಾ. ಡಾಕ್ಟರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಹಳೇ ಮನೆಗೂ ಹೊಸ ಮನೆಗೂ ಇರುವ ವ್ಯತ್ಯಾಸ ಹೇಳುತ್ತೇನೆ, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ. ಹಂಚಿನ ಮಾಡಿನಲ್ಲಿ ಹಂಚು ಹಂಚಿನ ನಡುವೆ ಸಂದು ಇರುತ್ತದೆ, ಬಿಸಿ ಗಾಳಿ, ಹೊಗೆ, ಪಸೆ (ತೇವ) ಎಲ್ಲ ಮೇಲಿನಿಂದ ತಾನಾಗಿ ಹೋಗುತ್ತಿತ್ತು. ಸೂರು ಉದ್ದ ಇಳಿದಿರುತ್ತಿತ್ತು, ಅದಕ್ಕೆ ಗೋಡೆಗೆ ಮಳೆ ಬೀಳುತ್ತಲೇ ಇರಲಿಲ್ಲ. ಈಗ ನಾವು ಏನು ಮಾಡಿದ್ದೇವೆ? ಮೇಲೆ ತಾರಸಿ, ಅದರ ಕೆಳಗೆ ಸೀಲಿಂಗ್, ಸೂರು ಇಲ್ಲವೇ ಇಲ್ಲ, ಗಾಳಿಗಂಡಿ ಇಟ್ಟಿದ್ದರೂ ಸೀಲಿಂಗ್ ಅದನ್ನು ಮುಚ್ಚಿಬಿಟ್ಟಿದೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದು ಬರುವುದು ಪಡುವಣ ಗಾಳಿ ಜೊತೆ. ಕೆಂಪು ಕಲ್ಲು ತೂತು ತೂತು ಇರುವ ಕಲ್ಲು, ನೀರು ಕುಡಿಯುತ್ತದೆ. ಹೊರಗಿನ ಪ್ಲಾಸ್ಟರ್‌ನಲ್ಲಿ ಕೂದಲಿನಷ್ಟು ಬಿರುಕು ಇದ್ದರೂ ಸಾಕು, ಗೋಡೆ ನಾಲ್ಕು ತಿಂಗಳು ಒದ್ದೆಯೇ. ಒಳಗಿನ ಕಪಾಟು ಆ ಗೋಡೆಗೆ ತಾಗಿದ್ದರೆ ಅದರ ಹಿಂದೆ ಗಾಳಿಯೇ ಇಲ್ಲ, ಬೂಸ್ಟಿಗೆ ಅದಕ್ಕಿಂತ ಒಳ್ಳೇ ಜಾಗ ಎಲ್ಲಿದೆ.

ನೋಡುವುದು ಹೀಗೆ. ಸಂಶಯ ಇರುವ ಗೋಡೆಗೆ ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಗಡೆ, ಗೋಡೆ ಬದಿಗೆ ನೀರು ಕಂಡರೆ ಗೋಡೆಯಿಂದಲೇ ನೀರು ಬರುತ್ತಿದೆ. ಹೊರಮೈಯಲ್ಲಿ ಬೆವರಿದ್ದರೆ ಕೋಣೆಯ ಗಾಳಿಯ ಪಸೆ. ಎರಡಕ್ಕೂ ಮದ್ದು ಬೇರೆ. ಮತ್ತೆ ಕಪಾಟಿನ ಗೋಡೆಯ ಆ ಕಡೆ ಏನಿದೆ? ಬಚ್ಚಲು ಇದ್ದರೆ ಗೋಡೆಯೊಳಗೆ ಹೋದ ಪೈಪನ್ನೂ ನೋಡಬೇಕು.

ಮತ್ತೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣ ಹಾಕುತ್ತೀರಿ? ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಫ್ಯಾನ್ ಕೆಳಗಾ? ಒಂದು ಬಕೆಟ್ ಒದ್ದೆ ಬಟ್ಟೆ ಒಣಗಿತು ಅಂದರೆ ಒಂದೆರಡು ಲೀಟರ್ ನೀರು ಆ ಕೋಣೆಯ ಗಾಳಿಗೆ, ಹಾಸಿಗೆಗೆ, ಗೋಡೆಗೆ ಸೇರಿತು ಅಂತ ಲೆಕ್ಕ. ಹಿಂದೆ ನೀರೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು, ಅದು ಮಲಗುವ ಜಾಗದಿಂದ ದೂರ ಇರುತ್ತಿತ್ತು.


ಬಾಯಾರು ಕೃಷಿಕ:

ಇಷ್ಟೆಲ್ಲ ಯಾಕೆ, ಇಡೀ ದಿನ ಕಿಟಕಿ ತೆಗೆದಿಡಿ, ಎಲ್ಲ ಸರಿಯಾಗುತ್ತದೆ. ಬೂಸ್ಟು ಇದ್ದಲ್ಲಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ.


ಕುಂಬಳೆ ಕಟ್ಟಡದವ:

ಅಣ್ಣ, ಬೇಸಿಗೆಯಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಜುಲೈಯಲ್ಲಿ ಜಡಿಮಳೆ ಹಿಡಿದಾಗ ಹೊರಗಿನ ಗಾಳಿಯ ಪಸೆಯೇ ಶೇಕಡಾ 90ರ ಹತ್ತಿರ ಇರುತ್ತದೆ. ಬೂಸ್ಟು ಬೆಳೆಯದೆ ಇರಬೇಕಾದರೆ ಒಳಗೆ 60ಕ್ಕಿಂತ ಕಡಿಮೆ ಬೇಕು. ಹೊರಗಿನ ಗಾಳಿ ಬಿಟ್ಟುಕೊಂಡು ಒಳಗೆ ಒಣಗಿಸುವುದು ಹೇಗೆ? ಹೊಗೆ, ವಾಸನೆ, ಉಸಿರಿನ ಗಾಳಿ ಹೊರಗೆ ಹೋಗಲಿ ಅಂತ ದಿನಕ್ಕೆ ಎರಡು ಮೂರು ಸಲ ಎದುರು ಬದುರು ಕಿಟಕಿ ಹತ್ತು ಹದಿನೈದು ನಿಮಿಷ ತೆಗೆಯಲೇಬೇಕು, ಅದು ಬೇರೆ ಮಾತು. ಮಳೆ ಬಿಟ್ಟು ಬಿಸಿಲು ಬಂದ ದಿನ ಪೂರ್ತಿ ತೆಗೆದಿಡಿ. ಪಸೆಗೆ ಮಾತ್ರ ಎಲ್ಲಿ ಹುಟ್ಟುತ್ತದೋ ಅಲ್ಲೇ ತಡೆಯಬೇಕು. ಅಡಿಗೆಮನೆಗೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್. ತೀರಾ ಆಗದಿದ್ದರೆ ಏಸಿ ಇದ್ದವರು ಡ್ರೈ ಮೋಡ್‌ನಲ್ಲಿ ಎರಡು ಗಂಟೆ ಹಾಕಿ. ಪಸೆ ಅಳೆಯುವ ಸಣ್ಣ ಮೀಟರ್ ಐನೂರು ರೂಪಾಯಿ ಒಳಗೆ ಸಿಗುತ್ತದೆ, ಅದೊಂದು ತೆಗೆದುಕೊಳ್ಳಿ, ಅಂದಾಜಿನಲ್ಲಿ ಕೆಲಸ ಬೇಡ.


ಮಂಜೇಶ್ವರ ಸಿಸ್ಟರ್:

ಬ್ಲೀಚಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ಲೀಚಿಂಗ್ ಪುಡಿಯನ್ನು ಕಕ್ಕಸು ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗಾಳಿ ಬರುತ್ತದೆ, ಎದೆಗೆ ವಿಷ. ಉಬ್ಬಸ ಇರುವ ಮಗು ಇರುವ ಮನೆಯಲ್ಲಿ ಬರೀ ಬ್ಲೀಚಿಂಗ್ ವಾಸನೆಯೂ ಒಳ್ಳೇದಲ್ಲ. ಬೂಸ್ಟನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ, ಪುಡಿ ಹಾರಿ ಇಡೀ ಕೋಣೆ ಸೇರುತ್ತದೆ. ಮುಖಕ್ಕೆ ಒಳ್ಳೇ ಮಾಸ್ಕ್ ಹಾಕಿ, ಸೋಪಿನ ನೀರಿನಲ್ಲಿ ಒದ್ದೆ ಮಾಡಿ ತಿಕ್ಕಿ, ಆಮೇಲೆ ಪೂರ್ತಿ ಒಣಗಿಸಿ. ಆ ಹೊತ್ತಿಗೆ ಮಗ ಮನೆಯಲ್ಲಿ ಇರುವುದು ಬೇಡ. ಹಾಸಿಗೆಯೊಳಗೆ ಇರುವ ಕಣ್ಣಿಗೆ ಕಾಣದ ಧೂಳಿನ ಹುಳಗಳಿಗೂ ಇದೇ ಪಸೆ ಬೇಕು, ಅವೂ ಸೀನಿಗೆ ಕಾರಣ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ ಚೆನ್ನಾಗಿ ಬಿಸಿ ನೀರಲ್ಲಿ ಒಗೆಯಿರಿ. ಇನ್‌ಹೇಲರ್ ಮಾತ್ರ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.


ನೀರ್ಚಾಲು ಅಜ್ಜಿ:

ನನ್ನ ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ. ನಿನ್ನ ಅತ್ತೆ ಹೇಳಿದ ಮಾತಿಗೆ ನಾನು ಉತ್ತರ ಕೊಡಬೇಕು ಮಗಳೇ, ನಾನೂ ಅದೇ ಹೊಗೆಯಲ್ಲಿ ಬೆಂದವಳು.

ಯಾರಿಗೂ ಏನೂ ಆಗಲಿಲ್ಲ ಅನ್ನುವುದು ಸರಿಯಲ್ಲ. ಆಗಿತ್ತು, ನಾವು ಅದನ್ನು ರೋಗ ಅಂತ ಎಣಿಸಲಿಲ್ಲ. ನನ್ನ ಅಮ್ಮ ಐವತ್ತು ದಾಟುವಾಗಲೇ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಅದನ್ನು ದಮ್ಮು ಅಂತ ಕರೆದು ಕಷಾಯ ಕೊಟ್ಟೆವು. ಈಗ ನನಗೂ ಅದೇ. ಶ್ವಾಸಕೋಶ ಹಾಳಾಗಿದೆ, ಬೀಡಿ ಸೇದುವವರ ಹಾಗೆ ಆಗಿದೆ ಅಂದರು ಡಾಕ್ಟರ್. ಒಂದು ಬೀಡಿ ಮುಟ್ಟಿದವಳಲ್ಲ ನಾನು. ನಲವತ್ತು ವರ್ಷ ಸೌದೆ ಒಲೆ ಮುಂದೆ ಕುಳಿತು ಊದುಕೊಳವೆ ಊದಿದ್ದೇ ಊದಿದ್ದು. ಅಡಿಗೆಮನೆಯ ಹೊಗೆ ಮಾಡಿನಿಂದ ಹೋಗುತ್ತಿತ್ತು ಅನ್ನುವುದು ನಿಜ, ಆದರೆ ಹೋಗುವ ಮೊದಲು ಅದು ನನ್ನ ಎದೆಯೊಳಗೆ ಬಂದೇ ಹೋಗುತ್ತಿತ್ತು. ಗಂಡಸರು ಚಾವಡಿಯಲ್ಲಿ, ಹಾಗಾಗಿ ಅವರಿಗೆ ಏನೂ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ 32 ಲಕ್ಷ ಜನ ಸತ್ತಿದ್ದಾರಂತೆ, ಮೊಮ್ಮಗಳು ಓದಿ ಹೇಳಿದಳು. ಅದರಲ್ಲಿ ನನ್ನಂಥ ಎಷ್ಟು ಹೆಂಗಸರಿದ್ದರೋ.

ನಮ್ಮ ಮನೆಗೆ ಆಮೇಲೆ ಅಸ್ತ್ರ ಒಲೆ ಹಾಕಿಸಿದೆವು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದು, ಕೊಳವೆಯಲ್ಲಿ ಹೊಗೆ ಮಾಡಿನ ಮೇಲೆ ಹೋಗುತ್ತದೆ. ಅದನ್ನು ಇಪ್ಪತ್ತು ವರ್ಷ ಮೊದಲೇ ಹಾಕಿಸಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಹಾಗಾಗಿ ಅತ್ತೆಗೆ ಹೇಳು, ಹಳೇ ಮನೆಯ ಗಾಳಿ ಒಳ್ಳೇದಿತ್ತು, ಹೊಗೆ ಒಳ್ಳೇದಲ್ಲ, ಎರಡನ್ನೂ ಒಟ್ಟಿಗೆ ಹೊಗಳುವುದು ಬೇಡ ಅಂತ. ಈಗ ನೀರೊಲೆ ಉರಿಸುತ್ತಿದ್ದೀಯಲ್ಲ, ಮಗನನ್ನು ಅದರ ಹತ್ತಿರ ಬಿಡಬೇಡ. ಬೆಂಕಿ ಹಿಡಿಯಲಿ ಅಂತ ಹಾಲಿನ ತೊಟ್ಟೆ, ಪ್ಲಾಸ್ಟಿಕ್ ಒಲೆಗೆ ಹಾಕುವವರಿದ್ದಾರೆ, ಅದಂತೂ ವಿಷವೇ.

ಕಾಯಿಲ್ ಬಿಡು. ಕಿಟಕಿ ಮುಚ್ಚಿ ಮಗುವಿನ ತಲೆ ಹತ್ತಿರ ರಾತ್ರಿಯಿಡೀ ಹೊಗೆ ಹಾಕಿದ ಹಾಗೆ ಅದು. ಸೊಳ್ಳೆಪರದೆ ಕಟ್ಟು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ ನಿಂತ ನೀರು ವಾರಕ್ಕೊಮ್ಮೆ ಚೆಲ್ಲಿದರೆ ಅರ್ಧ ಸೊಳ್ಳೆ ಹುಟ್ಟುವುದೇ ಇಲ್ಲ.

ಮತ್ತೆ ತೋಟದ ಮದ್ದು. ಮೈಲುತುತ್ತು, ಹುಳದ ಮದ್ದು, ಕಳೆಗೆ ಹೊಡೆಯುವ ಮದ್ದು, ಸ್ಪ್ರೇಯರ್, ಇದನ್ನೆಲ್ಲ ಮಲಗುವ ಮನೆಯ ಅಟ್ಟದಲ್ಲಿ, ಮೆಟ್ಟಿಲ ಕೆಳಗೆ ಇಡುವ ಅಭ್ಯಾಸ ಇನ್ನೂ ಇದೆ ನಮ್ಮಲ್ಲಿ. ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಹುಳದ ಮದ್ದು ಸುರಿದು ನಮ್ಮ ಎಣ್ಮಕಜೆ, ಪಡ್ರೆ ಕಡೆ ಮಕ್ಕಳು ಏನಾದರು ಅಂತ ಕಣ್ಣಾರೆ ಕಂಡ ಊರಿನವರು ನಾವು. ಮದ್ದಿನ ಡಬ್ಬಿಯನ್ನು ಮನೆಯೊಳಗೆ ಇಡಬಾರದು ಅಂತ ನಮಗೆ ಬೇರೆಯವರು ಹೇಳಬೇಕಾ ಮಗಳೇ?


ಉಪ್ಪಳದ ಮೀಟರ್:

ಅಜ್ಜಿಯವರ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕುಳಿತಿದ್ದೆ. ನನ್ನ ಅಮ್ಮನಿಗೂ ಇದೇ ಕಥೆ.

ಪ್ಯೂರಿಫೈಯರ್ ಬಗ್ಗೆ ಕೇಳಿದ್ದೀರಲ್ಲ. ನನ್ನ ಹತ್ತಿರ ಪ್ಯೂರಿಫೈಯರೂ ಇದೆ, ಗಾಳಿ ಅಳೆಯುವ ಮೀಟರೂ ಇದೆ, ಎರಡು ವರ್ಷದಿಂದ ಅಳೆದು ಅಳೆದು ನೋಡುತ್ತಿದ್ದೇನೆ. ಒಳ್ಳೇ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳನ್ನು ಶೇಕಡಾ 99.97ರಷ್ಟು ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಅದು ಹಿಡಿಯುವುದು ಕಣವನ್ನು ಮಾತ್ರ. ಗೋಡೆಯ ಪಸೆ ಹೋಗುವುದಿಲ್ಲ. ಗೀಸರಿನ ವಿಷದ ಗಾಳಿ ಹೋಗುವುದಿಲ್ಲ. ಹೊಸ ಪ್ಲೈವುಡ್‌ನಿಂದ ಬರುವ ಫಾರ್ಮಾಲ್ಡಿಹೈಡ್ ಅನ್ನುವ ಕೆಟ್ಟ ಗಾಳಿ ಅದರಲ್ಲಿ ನಿಲ್ಲುವುದಿಲ್ಲ. ಬೂಸ್ಟು ಕಪಾಟಿನ ಹಿಂದೆ ಬೆಳೆಯುತ್ತಾ ಇರುತ್ತದೆ, ಯಂತ್ರ ಈ ಕಡೆ ತಿರುಗುತ್ತಾ ಇರುತ್ತದೆ. ಫಿಲ್ಟರ್ ಬದಲಿಸುವ ಖರ್ಚು ಬೇರೆ. ಅದೇ ಹಣದಲ್ಲಿ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿ, ಗೋಡೆ ರಿಪೇರಿ ಮಾಡಿಸಿ. ಎಲ್ಲ ಸರಿ ಮಾಡಿದ ಮೇಲೂ ಬೇಕು ಅನಿಸಿದರೆ ಮಗನ ಕೋಣೆಗೆ ಒಂದು ತೆಗೆದುಕೊಳ್ಳಬಹುದು. ಓಝೋನ್ ಬಿಡುವ ಯಂತ್ರ ಅಂತ ಹೇಳಿ ಮಾರಲು ಬಂದರೆ ಬಾಗಿಲಿಂದಲೇ ಕಳಿಸಿ, ಓಝೋನ್ ಉಬ್ಬಸವನ್ನು ಜಾಸ್ತಿ ಮಾಡುತ್ತದೆ.

ಗಿಡ ಇಟ್ಟರೆ ಗಾಳಿ ಶುದ್ಧ ಆಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು 1989ರ ನಾಸಾ ಪ್ರಯೋಗದಿಂದ ಹಬ್ಬಿದ ಮಾತು, ಪ್ರಯೋಗ ಮಾಡಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಮನೆಯಂಥ ಜಾಗದಲ್ಲಿ ಅಷ್ಟು ಪರಿಣಾಮ ಬೇಕಾದರೆ ಒಂದು ಚದರ ಮೀಟರಿಗೆ ಕಡಿಮೆ ಅಂದರೂ ಹತ್ತು ಗಿಡ ಬೇಕು ಅಂತ 2019ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಗಿಡ ಇಡಿ, ಚಂದಕ್ಕೆ. ಮಲಗುವ ಕೋಣೆಯಲ್ಲಿ ಒದ್ದೆ ಮಣ್ಣಿನ ಚಟ್ಟಿ ಈ ಮಳೆಗಾಲಕ್ಕೆ ಬೇಡ.

ನನ್ನ ಮೀಟರ್ ನನಗೆ ಕಲಿಸಿದ್ದು ಎರಡು ವಿಷಯ. ಒಂದು, ಕಾಯಿಲ್. ಪಿಎಂ 2.5 ಅಂದರೆ ಶ್ವಾಸಕೋಶದ ತಳದವರೆಗೆ ಇಳಿಯುವ ಸಣ್ಣ ಕಣ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 60. ನಮ್ಮ ಕೋಣೆಯಲ್ಲಿ ಕಾಯಿಲ್ ಹಚ್ಚಿದ ಅರ್ಧ ಗಂಟೆಗೆ ಮೀಟರ್ ಮುನ್ನೂರು ದಾಟಿತು, ಮಳೆಗಾಲದಲ್ಲಿ, ಹೊರಗೆ ಅಷ್ಟು ಒಳ್ಳೇ ಗಾಳಿ ಇರುವಾಗ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಅಂತ ಇದೆ. ಅದನ್ನು ಓದಿದ ದಿನವೇ ಪರದೆ ತಂದೆ. ಧೂಪ, ಅಗರಬತ್ತಿಗೂ ಮೀಟರ್ ಜೋರಾಗಿ ಏರುತ್ತದೆ, ದೇವರ ಕೋಣೆ ಕಿಟಕಿ ತೆಗೆದಿಡುತ್ತೇವೆ ಈಗ.

ಎರಡನೇದು, ಮುಚ್ಚಿದ ಕೋಣೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 420ರ ಆಸುಪಾಸು. ನಾವು ನಾಲ್ಕು ಜನ ಬಾಗಿಲು ಕಿಟಕಿ ಮುಚ್ಚಿ ಮಲಗಿದರೆ ಬೆಳಗ್ಗೆ ಎರಡು ಸಾವಿರ ದಾಟಿರುತ್ತದೆ. ಅದೇ ವಿಷ ಅಂತಲ್ಲ, ಆದರೆ ಸಾವಿರ ದಾಟಿದರೆ ಗಾಳಿ ಬದಲಾಗುತ್ತಿಲ್ಲ ಅಂತ ಅರ್ಥ, ಉಳಿದ ಹೊಗೆ ವಾಸನೆ ಪಸೆಯೂ ಅಲ್ಲೇ ನಿಂತಿದೆ ಅಂತ. ಬೆಳಗ್ಗೆ ತಲೆನೋವು ಬರುತ್ತಿದ್ದದ್ದು ಬಾಗಿಲು ಸ್ವಲ್ಪ ತೆರೆದು ಮಲಗಲು ಶುರುಮಾಡಿದ ಮೇಲೆ ನಿಂತಿತು.


ಬದಿಯಡ್ಕದಮ್ಮ (ಮೂರು ವಾರದ ನಂತರ):

ಎಲ್ಲರಿಗೂ ನಮಸ್ಕಾರ. ಆಟಿ ತಿಂಗಳು ಶುರುವಾಗಿ ಮಳೆ ಬಿಡುವು ಕೊಡುತ್ತಿಲ್ಲ, ಆದರೂ ಸುಮಾರು ಕೆಲಸ ಆಯಿತು.

ಕಟ್ಟಡದ ಅಣ್ಣ ಹೇಳಿದ ಹಾಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದೆವು. ಪಡುವಣ ಗೋಡೆಯಲ್ಲಿ ಏನೂ ಇಲ್ಲ. ಆದರೆ ಮಗನ ಕೋಣೆಯ ಕಪಾಟಿನ ಪಕ್ಕದ ಗೋಡೆಯಲ್ಲಿ ಒಂದೇ ದಿನಕ್ಕೆ ಹಾಳೆಯೊಳಗೆ ನೀರಿನ ಹನಿ. ಆ ಗೋಡೆಯ ಆ ಕಡೆ ಬಚ್ಚಲು. ಬಡಗಿಯನ್ನು ಕರೆಸಿ ಕಪಾಟು ಬಿಚ್ಚಿಸಿದೆವು. ಹಿಂದಿನ ಹಲಗೆ ಮುಟ್ಟಿದರೆ ಪುಡಿಯಾಗುವಷ್ಟು ಮೆತ್ತಗೆ, ಗೋಡೆಯಲ್ಲಿ ನೆಲದಿಂದ ನನ್ನ ಸೊಂಟದವರೆಗೆ ಕಪ್ಪು. ಮಗನ ತಲೆದಿಂಬು ಅಲ್ಲಿಂದ ಎರಡು ಅಡಿ ದೂರದಲ್ಲಿತ್ತು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷ ಅದರ ಪಕ್ಕ ಮಲಗಿಸಿದ್ದೇನಲ್ಲ ಅಂತ. ಪ್ಲಂಬರ್ ಗೋಡೆ ಒಡೆದು ನೋಡಿದಾಗ ಪೈಪಿನ ಎಲ್ಬೋ ಹತ್ತಿರ ಸಣ್ಣ ಸೋರಿಕೆ, ಮನೆ ಕಟ್ಟಿದಾಗಿನಿಂದಲೂ ಇದ್ದಿರಬೇಕು ಅಂದರು. ಅದನ್ನು ಬದಲಿಸಿ ಆಯಿತು.

ಗೀಸರ್ ಹೊರಗಿನ ಗೋಡೆಗೆ ಹೋಯಿತು. ಸ್ನಾನ ಮಾಡುವಾಗ ಒಂದು ದಿನವೂ ತಲೆ ತಿರುಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ ಸರಿಯಾಗಿಯೇ ಇದೆ. ಬಚ್ಚಲಿನ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿದೆವು. ಬಟ್ಟೆ ಹೌದು ಅಣ್ಣ, ಕೋಣೆಯಲ್ಲೇ ಒಣಗಿಸುತ್ತಿದ್ದೆ, ಈಗ ಹಿಂದಿನ ಶೀಟಿನ ಕೆಳಗೆ. ಕಾಯಿಲ್ ನಿಲ್ಲಿಸಿ ಪರದೆ ಕಟ್ಟಿದೆವು. ಅಜ್ಜಿಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ನನಗೂ ಸ್ವಲ್ಪ ಏದುಸಿರು ಬರುತ್ತದೆ, ಹೇಳಿರಲಿಲ್ಲ ಅಂದರು. ಮುಂದಿನ ವಾರ ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ.

ಮಗನ ಕೋಣೆಯ ಪಸೆ ಮೀಟರ್‌ನಲ್ಲಿ ಮೊದಲು 86 ಇತ್ತು, ಈಗ ಏಸಿ ಎರಡು ಗಂಟೆ ಹಾಕಿದ ಮೇಲೆ 64ಕ್ಕೆ ಇಳಿಯುತ್ತದೆ. ಮಗನಿಗೆ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಹೋದ ವಾರ ಐದು ರಾತ್ರಿ ಎಚ್ಚರವಾಗದೆ ಮಲಗಿದ. ಇನ್‌ಹೇಲರ್ ನಿಲ್ಲಿಸಿಲ್ಲ.

ಎರಡು ಪ್ರಶ್ನೆ ಉಳಿದಿದೆ ಅಣ್ಣ. ಕಪಾಟು ಪೂರ್ತಿ ಬಿಸಾಡಬೇಕಾ? ಕಪ್ಪಾದ ಗೋಡೆಗೆ ಬೂಸ್ಟು ಬರದ ಪೇಂಟು ಹೊಡೆಸಬಹುದು ಅಂತಾರೆ, ಈಗಲೇ ಹೊಡೆಸಲೇ?


ಕುಂಬಳೆ ಕಟ್ಟಡದವ:

ಐದು ರಾತ್ರಿ ನಿದ್ದೆ ಅಂತ ಓದಿ ಮನಸ್ಸಿಗೆ ಸಮಾಧಾನ ಆಯಿತು ಅಕ್ಕ. ಗೋಡೆ ತೊಳೆದು ಹಾಗೇ ಬಿಡಿ. ಮೆತ್ತಗಾದ ಹಿಂದಿನ ಹಲಗೆ ಬಿಸಾಡಿ, ಅದನ್ನು ಉಳಿಸಲು ಆಗುವುದಿಲ್ಲ. ಗಟ್ಟಿ ಇರುವ ಹಲಗೆ ತೊಳೆದು ಬಿಸಿಲು ಬಂದ ದಿನ ಅಂಗಳದಲ್ಲಿ ಒಣಗಿಸಿ, ವಾಸನೆ ಹೋದರೆ ಇಟ್ಟುಕೊಳ್ಳಿ. ಮತ್ತೆ ಜೋಡಿಸುವಾಗ ಗೋಡೆಯಿಂದ ಮೂರು ಇಂಚು ಬಿಟ್ಟು, ಕಾಲು ಹಾಕಿ, ಬೆನ್ನಿಗೆ ಹಲಗೆ ಬದಲು ಜಾಲರಿ ಹಾಕಿಸಿ. ಬೇರೆ ಗೋಡೆಗೆ ಹಾಕಿದರೆ ಇನ್ನೂ ಒಳ್ಳೇದು.

ಪೇಂಟು ಈಗ ಬೇಡವೇ ಬೇಡ. ಗೋಡೆಯೊಳಗೆ ಎರಡು ವರ್ಷದ ನೀರು ಇದೆ, ಮೇಲೆ ಪೇಂಟು ಹೊಡೆದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ, ಮುಂದಿನ ಜೂನ್‌ಗೆ ಗುಳ್ಳೆ ಎದ್ದು ಮತ್ತೆ ಕಪ್ಪು. ಆ ಗೋಡೆಯ ಪುಟ್ಟಿ ಕೆರೆದು ಹಾಕಿ, ಕೆರೆಯುವಾಗ ಒದ್ದೆ ಮಾಡಿ, ಮಾಸ್ಕ್ ಹಾಕಿ. ಡಿಸೆಂಬರಿನಲ್ಲಿ ಬಡಗು ಗಾಳಿ ಬೀಸುವವರೆಗೆ ಹಾಗೇ ಬಿಡಿ, ಆಗ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಅದರಲ್ಲಿ ಹನಿ ಇಲ್ಲದಿದ್ದರೆ ಪೇಂಟು. ಸೀಲಿಂಗ್ ಮೇಲೆ ಮುಚ್ಚಿಹೋದ ಗಾಳಿಗಂಡಿಯನ್ನೂ ಆಗಲೇ ತೆರೆಸಿ, ನಾನು ಬಂದು ನೋಡುತ್ತೇನೆ ಬೇಕಾದರೆ, ಕುಂಬಳೆಯಿಂದ ದೂರ ಏನಿಲ್ಲ.


ಬದಿಯಡ್ಕದಮ್ಮ:

ಖಂಡಿತ ಬನ್ನಿ ಅಣ್ಣ. ಡಿಸೆಂಬರ್‌ವರೆಗೆ ಆ ಕೋಣೆ ಖಾಲಿ ಇರಲಿ ಅಂತ ತೀರ್ಮಾನ ಮಾಡಿದೆವು. ಮಗನ ಮಂಚ ಚಾವಡಿಗೆ ತಂದಿದ್ದೇವೆ, ಎರಡು ಕಡೆ ಕಿಟಕಿ ಇದೆ ಅಲ್ಲಿ. ಇವತ್ತು ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಂತು, ಹಾಸಿಗೆ ಎಲ್ಲ ಅಂಗಳಕ್ಕೆ ಹಾಕಿದೆ.